ಬಾಸ್ ಇಲ್ಲದ ನಾಲ್ವರು

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ವಿಂಗ್ ಜಾಝ್ ಎಂದ ಕೂಡಲೇ ಸಾಲಾಗಿ ಕೂತ ದೊಡ್ಡ ಬ್ಯಾಂಡ್, ಅಬ್ಬರಿಸುವ ಟ್ರಂಪೆಟ್‌ಗಳು ನೆನಪಾಗುತ್ತವೆ, ಅಲ್ವಾ? 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಬ್ಯಾಂಡ್ ನಾಯಕ ಬೆನ್ನಿ ಗುಡ್‌ಮನ್ ಕೊಟ್ಟ ಕಛೇರಿಗೂ ಹೆಸರು ಬಂದಿದ್ದು ಅಂಥ ಬ್ಯಾಂಡಿನಿಂದಲೇ. ಆದರೆ ಆ ಕಛೇರಿಯ ರೆಕಾರ್ಡಿಂಗ್ ಹಾಕಿದಾಗ ನಾನು ಕಾಯುವುದು ನಡುನಡುವೆ ನಾಲ್ಕೇ ಜನ ನುಡಿಸುವ ಭಾಗಕ್ಕೆ.

ಗುಡ್‌ಮನ್ ಕ್ಲಾರಿನೆಟ್. ಟೆಡ್ಡಿ ವಿಲ್ಸನ್ ಪಿಯಾನೋ. ಲಯನಲ್ ಹ್ಯಾಂಪ್ಟನ್ ವೈಬ್ರಫೋನ್, ಅಂದರೆ ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ. ಡ್ರಮ್ಸ್‌ಗೆ ಜೀನ್ ಕ್ರುಪಾ. ಅಷ್ಟೇ, ಬಾಸ್, ಅಂದರೆ ತಳದ ಸ್ವರ ಕೊಡುವ ದೊಡ್ಡ ತಂತಿವಾದ್ಯ, ನುಡಿಸುವವರೇ ಇಲ್ಲ! ತಳದ ಸ್ವರಗಳನ್ನು ವಿಲ್ಸನ್ ಅವರ ಎಡಗೈ ನೋಡಿಕೊಳ್ಳುತ್ತದೆ, ಕ್ರುಪಾ ಅವರ ಕಾಲು ಲಯ ಹಿಡಿಯುತ್ತದೆ. ಬಾಸ್ ಇದ್ದಿದ್ದರೆ ವಿಲ್ಸನ್ ಅವರ ಎಡಗೈ ಇಷ್ಟು ಚೆನ್ನಾಗಿ ಕೇಳುತ್ತಿರಲಿಲ್ಲ.

ಸ್ವಿಂಗ್‌ನ ನಡೆಯೇ ಬೇರೆ. ಒಂದು ಎಣಿಕೆಯನ್ನು ಸಮವಾಗಿ ಎರಡು ಮಾಡುವುದಿಲ್ಲ. ಮೊದಲ ಪಾಲು ಉದ್ದ, ಎರಡನೆಯದು ಗಿಡ್ಡ. ತಿಶ್ರ ನಡೆಯಲ್ಲಿ ಮೂರರ ಪೈಕಿ ಮೊದಲ ಎರಡನ್ನು ಕೂಡಿಸಿ ಹಿಡಿದಂತೆ, ಸುಮಾರಾಗಿ. ವೇಗ ಜಾಸ್ತಿಯಾದಾಗ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ಈ ನಾಲ್ವರು ಓಡುವಾಗ ಅದನ್ನು ಗಮನಿಸಿ.

ಗುಡ್‌ಮನ್, ಕ್ರುಪಾ ಬಿಳಿಯರು. ವಿಲ್ಸನ್, ಹ್ಯಾಂಪ್ಟನ್ ಕಪ್ಪು ಜನ. ಆಗಿನ ಅಮೆರಿಕದಲ್ಲಿ ಹೀಗೆ ಒಂದೇ ವೇದಿಕೆಯಲ್ಲಿ ಕೂತು ನುಡಿಸುವುದು ಅಪರೂಪ. ಕೇಳುವಾಗ ಮಾತ್ರ ಅಂಥ ಗೆರೆ ಎಲ್ಲೂ ಕಾಣುವುದಿಲ್ಲ. ಹ್ಯಾಂಪ್ಟನ್ ಕೆಣಕುತ್ತಾರೆ, ಗುಡ್‌ಮನ್ ಉತ್ತರ ಕೊಡುತ್ತಾರೆ, ವಿಲ್ಸನ್ ಸುಮ್ನೆ ತಣ್ಣಗೆ ನಡೆಸಿಕೊಂಡು ಹೋಗುತ್ತಾರೆ.

ಹಾಲ್‌ನ ಸದ್ದು ತಂತಿಯಲ್ಲಿ ಸ್ಟುಡಿಯೋಗೆ ಹೋಗಿ ಅಸಿಟೇಟ್ ಡಿಸ್ಕ್‌ಗಳಲ್ಲಿ, ಅಂದರೆ ಆಗಲೇ ಸದ್ದು ಕೊರೆದುಕೊಳ್ಳುವ ಮೆದು ಲೇಪನದ ತಟ್ಟೆಗಳಲ್ಲಿ, ದಾಖಲಾಯಿತು. ಒಂದು ಮುಖಕ್ಕೆ ಕೆಲವೇ ನಿಮಿಷ. ಗುಡ್‌ಮನ್ ಅವರಿಗೆ ಸಿಕ್ಕ ನಕಲು ಹನ್ನೆರಡು ವರ್ಷ ಮನೆಯಲ್ಲೇ ಬಿದ್ದಿತ್ತು. 1950ರಲ್ಲಿ ಸಿಕ್ಕಿತು, ಅದೇ ವರ್ಷ ಕೊಲಂಬಿಯಾ ರೆಕಾರ್ಡ್ ಕಂಪನಿ ಅದನ್ನು ಎಲ್‌ಪಿಯಾಗಿ (ಹೆಚ್ಚು ಹೊತ್ತು ಓಡುವ ಗ್ರಾಮಫೋನ್ ತಟ್ಟೆ) ಹೊರತಂದಿತು.

1999ರ ಸಿಡಿಯಲ್ಲಿ ಡಿಸ್ಕ್‌ನ ಚರಚರ ಸದ್ದನ್ನು ಹೆಚ್ಚು ಅಳಿಸದೆ ಬಿಟ್ಟಿದ್ದಾರೆ. ಕೆಲವರಿಗೆ ಅದು ಕಿರಿಕಿರಿ. ನಾನು ಅದನ್ನೇ ಕೇಳುತ್ತೇನೆ. ಗಲಾಟೆ ತೆಗೆಯಲು ಹೋದರೆ ಕ್ರುಪಾ ಅವರ ಸಿಂಬಲ್‌ನ, ಅಂದರೆ ಡ್ರಮ್ಸ್‌ನ ಲೋಹದ ತಟ್ಟೆಯ, ಹೊಳಪೂ ಹೋಗುತ್ತದೆ.