ಕೆಸರು ಮಳೆಯ ಲೆಕ್ಕ ಇಡುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಚಿತ್ರಗಳನ್ನು ಆಮೇಲೆ ತೋರಿಸುತ್ತೇನೆ. ಮೊದಲು ಅಮೆಜಾನ್ ಕಡೆ ಹೋಗಿ ಬರೋಣ.

ಬ್ರೆಜಿಲಿನ ಮನೌಸ್ ಬಂದರಿನಲ್ಲಿ ಹೊಳೆಯ ನೀರು ವರ್ಷಕ್ಕೆ ಸುಮಾರು 10 ಮೀಟರ್ ಏರಿ ಇಳಿಯುತ್ತದೆ. ಮೂರಂತಸ್ತಿನ ಮನೆಯಷ್ಟು ಎತ್ತರ! ಇದು ಎಂದೋ ಬರುವ ನೆರೆಯಲ್ಲ, ಪ್ರತಿ ವರ್ಷ ಇದೇ ಕಥೆ. ನೀರು ದಡ ದಾಟಿ ಕಾಡಿಗೆ ನುಗ್ಗುತ್ತದೆ, ಇಳಿಯುವಾಗ ತಗ್ಗುಗಳಲ್ಲಿ ಕೆರೆಗಳನ್ನೂ ಅವುಗಳ ತಳದಲ್ಲಿ ಒಂದು ಪದರ ಹೂಳನ್ನೂ ಬಿಟ್ಟು ಹೋಗುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ಹಳೆಯ ಹವಾಮಾನ ತಿಳಿಯಲು ಅದೇ ಕಡತ.

ತೆಗೆಯೋದು ಹೇಗೆ? ಎಳನೀರಿನ ಸ್ಟ್ರಾ ಬಾಯಿಗೆ ಬೆರಳಿಟ್ಟು ಎತ್ತಿದರೆ ಒಳಗಿನ ನೀರು ಬೀಳಲ್ಲ, ಅಲ್ವಾ? ಇಲ್ಲೂ ಅಷ್ಟೇ. ದೋಣಿಯಿಂದ ಉದ್ದದ ಕೊಳವೆಯನ್ನು ತಳಕ್ಕೆ ಒತ್ತಿ, ಮೇಲಿನ ಬಾಯಿ ಬಿಗಿದು ಎಳೆಯುತ್ತಾರೆ. ಆಮೇಲೆ ಉದ್ದಕ್ಕೆ ಸೀಳುತ್ತಾರೆ. ಒಂದು ಕಡೆ ಬೂದು ಬಣ್ಣದ ನುಣುಪು ಕೆಸರು, ಇನ್ನೊಂದು ಕಡೆ ಕೊಳೆತ ಎಲೆಗಳ ಕಪ್ಪು.

ದಪ್ಪ ಪದರ ಅಂದರೆ ಜಾಸ್ತಿ ಮಳೆ ಅಂತ ಬಹಳ ಜನ ತಿಳಿದಿರುತ್ತಾರೆ. ಅದು ತಪ್ಪು. ಹೊಳೆ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಸಾಕು, ಮಳೆ ಬದಲಾಗದಿದ್ದರೂ ಕೆರೆಗೆ ಬರುವ ಹೂಳು ಬದಲಾಗುತ್ತದೆ. ಅದೂ ಅಲ್ಲದೆ ಹೂಳಿನ ಬಹುಪಾಲು ಸಾವಿರಾರು ಕಿಲೋಮೀಟರ್ ದೂರದ ಆಂಡೀಸ್ ಬೆಟ್ಟದ್ದು. ಹಾಗಾಗಿ ಮೊದಲು ಕೇಳಬೇಕಾದ್ದು, ಈ ಮಣ್ಣು ಯಾರ ಮನೆಯದು? ಜೇಡಿಯಲ್ಲಿ ಕೆಯೊಲಿನೈಟ್ ಎಂಬ ಖನಿಜ ತುಂಬಾ ಇದ್ದರೆ ಹತ್ತಿರದ ಹಳೆಯ ನೆಲದ್ದು, ಸ್ಮೆಕ್ಟೈಟ್ ಎಂಬ ಇನ್ನೊಂದು ಖನಿಜ ಜಾಸ್ತಿ ಇದ್ದರೆ ಬೆಟ್ಟದ ಹೊಳೆ ತಂದದ್ದು ಎನ್ನಬಹುದು.

ನನಗೆ ತುಂಬಾ ಇಷ್ಟವಾದ ಸಾಕ್ಷಿ ಕೌಯಿಶಿ. ಇದು ಸಿಹಿನೀರಿನ ಸ್ಪಂಜು. ನೀರು ಏರಿದಾಗ ಮುಳುಗಿದ ಮರದ ಕೊಂಬೆಗೆ ಅಂಟಿ ಬೆಳೆಯುತ್ತದೆ, ಇಳಿದ ಮೇಲೆ ಒಣಗಿ ಅಲ್ಲೇ ಉಂಡೆಯಂತೆ ನಿಂತಿರುತ್ತದೆ. ಮುಟ್ಟಿದರೆ ಕೈಯೆಲ್ಲ ತುರಿಕೆ, ಯಾಕೆಂದರೆ ಅದರ ಮೈ ತುಂಬ ಗಾಜಿನಂಥ ಸಣ್ಣ ಸೂಜಿಗಳು. ಅಲ್ಲಿನ ಮೂಲನಿವಾಸಿಗಳು ಮಡಕೆ ಗಟ್ಟಿಯಾಗಲಿ ಅಂತ ಇದನ್ನೇ ಮಣ್ಣಿಗೆ ಬೆರೆಸುತ್ತಿದ್ದರು. ಸ್ಪಂಜು ಸತ್ತರೂ ಸೂಜಿ ಕೊಳೆಯಲ್ಲ. ಕೆಸರಿನಲ್ಲಿ ಅವು ಸಿಕ್ಕರೆ ಅಲ್ಲಿ ನೆರೆ ಏರಿ ಇಳಿಯುತ್ತಿತ್ತು ಎಂಬ ಸುಳಿವು.

ಇನ್ನು ತಲೆನೋವಿನ ವಿಷಯ. ಬರ ಬಂದು ತಳ ಒಣಗಿದರೆ ಕೆಸರು ಬಿರುಕು ಬಿಡುತ್ತದೆ, ಗಾಳಿ ತಾಗಿ ಹಳೆಯ ಗಿಡಮರಗಳ ಸುಳಿವು ಕೊಡುವ ಪರಾಗ ಹಾಳಾಗುತ್ತದೆ, ತುಕ್ಕಿನ ಚುಕ್ಕೆ ಮೂಡುತ್ತದೆ. ಒಣ ಕಾಲದ ಪುಟಗಳೇ ಹರಿದುಹೋಗುತ್ತವೆ! ಎರಡು ಬೆರಳು ಅಂತರದಲ್ಲಿ ಕೆಸರಿನ ಕಾರ್ಬನ್ ವಯಸ್ಸು (ಅದರಲ್ಲಿನ ಕಾರ್ಬನ್ ಅಳೆದು ಲ್ಯಾಬ್ ಹೇಳುವ ವಯಸ್ಸು) ಸಾವಿರಾರು ವರ್ಷ ಜಿಗಿದರೆ, ಅದು ಲ್ಯಾಬಿನ ತಪ್ಪು ಅಂತ ಸುಮ್ನೆ ಬಿಟ್ಟುಬಿಡಬಾರದು. ಹೊಳೆಯೇ ಕೊರೆದು ಒಯ್ದಿರಬಹುದು, ಕೆರೆ ಬತ್ತಿರಲೂಬಹುದು. ಒಂದೇ ಕೆರೆ ನೋಡಿ ತೀರ್ಪು ಕೊಡಲಾಗದು. ಬೇರೆ ಬೇರೆ ಹೊಳೆಗಳ ಕೆರೆಗಳಲ್ಲೂ ಅದೇ ಕಾಲ ಕಾಣೆಯಾಗಿದ್ದರೆ ಆಗ ಬರದ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಅಮೆಜಾನಿನ ಹಲವು ಕೆರೆಗಳು ಸುಮಾರು 8,000ದಿಂದ 4,000 ವರ್ಷ ಹಿಂದಿನ ನಡುವೆ ಒಣಗಾಲ ತೋರಿಸುತ್ತವೆ. ವಿಚಿತ್ರ ನೋಡಿ, ಸುಮಾರು 6,000 ವರ್ಷ ಹಿಂದೆ ನಮ್ಮ ರಾಜಸ್ಥಾನದ ಲೂಣಕರಣಸರದಲ್ಲಿ ನೀರು ನಿಂತಿತ್ತು. ಇವತ್ತು ಅದು ಉಪ್ಪಿನ ಬಯಲು. ಕಾರಣ ಭೂಮಿಯ ಓಲಾಟ, ಬುಗುರಿ ಓಲಾಡಿದ ಹಾಗೆ. ಈಗ ಭೂಮಿ ಸೂರ್ಯನಿಗೆ ತೀರಾ ಹತ್ತಿರ ಬರೋದು ಜನವರಿಯಲ್ಲಿ, ದಕ್ಷಿಣದವರ ಬೇಸಿಗೆಗೆ. ಆಗ ಹಾಗಿರಲಿಲ್ಲ, ಉತ್ತರದ ಬೇಸಿಗೆಗೆ ಬಿಸಿಲಿನ ಪಾಲು ಜಾಸ್ತಿ ಸಿಗುತ್ತಿತ್ತು. ಇಲ್ಲಿ ಮುಂಗಾರು ಜೋರಾಯಿತು, ಅಲ್ಲಿ ಮಳೆ ಸೊರಗಿತು.

ನಮ್ಮೂರಿನ ಕೆರೆಯಲ್ಲೂ ಕೊಳವೆ ಇಳಿಸಬಹುದಾ ಅಂತ ನೀವು ಕೇಳುತ್ತೀರಿ, ಗೊತ್ತು. ಇಳಿಸಬಹುದು. ಆದರೆ ಬೇಸಿಗೆ ಬಂತೆಂದರೆ ಗೋಡು ತೆಗೆದು ಹೊಲಕ್ಕೆ ಹೊಡೆಯುವ ಊರಲ್ಲಿ ಮೊದಲು ಹಿರಿಯರನ್ನು ಕೇಳಿ, ಗಾಡಿ ಇಳಿಯದ ಮೂಲೆ ಯಾವುದು ಅಂತ.