‘ಅಂತೆ’ ಇದ್ದಲ್ಲೆಲ್ಲ ಉಪಮೆಯಿಲ್ಲ

ಮಕ್ಕಳೇ, ಅವರ ಜೊತೆ ಬಂದಿರುವ ಮೇಷ್ಟ್ರುಗಳೇ,

ಕನ್ನಡದಲ್ಲಿ ಉಳಿದು ಬಂದಿರುವ ಮೊದಲ ಗ್ರಂಥವೇ ಅಲಂಕಾರವನ್ನು, ಅಂದರೆ ಮಾತಿಗೆ ಸೊಗಸು ತರುವ ಬಗೆಯನ್ನು, ಕುರಿತದ್ದು: 9ನೆಯ ಶತಮಾನದ ‘ಕವಿರಾಜಮಾರ್ಗ’. ಅಂಥ ನುಡಿಯವರಾದ ನಾವು ಪರೀಕ್ಷೆಯಲ್ಲಿ ಮಾಡುವುದೇನು? ‘ಅಲಂಕಾರ ಹೆಸರಿಸಿ, ಸಮನ್ವಯಗೊಳಿಸಿ’ ಎಂದೊಡನೆ ‘ಅಂತೆ’ ಎಲ್ಲಿದೆಯೆಂದು ಹುಡುಕುತ್ತೇವೆ. ಸಿಕ್ಕಿತೋ, ಹೋಲಿಕೆಯ ಅಲಂಕಾರವಾದ ಉಪಮೆ ಎಂದು ಬರೆದು ಮುಂದಕ್ಕೆ ಹೋಗುತ್ತೇವೆ. ನಾನೂ ಹಾಗೆ ಬರೆದು ಅಂಕ ಕಳೆದುಕೊಂಡವನೇ.

‘ನಾಳೆ ನಾಲೆಗೆ ನೀರು ಬಿಡುತ್ತಾರಂತೆ.’ ಇದು ಬರೀ ಸುದ್ದಿ. ‘ಅಪ್ಪ ಹೇಳಿದಂತೆ ಗದ್ದೆಗೆ ಹೋದೆ.’ ಇಲ್ಲೂ ಹೋಲಿಕೆಯಿಲ್ಲ. ‘ಅಣ್ಣನಂತೆ ತಮ್ಮನೂ ಎತ್ತರ’ ಎಂದರೆ ಹೋಲಿಕೆಯುಂಟು, ಸೊಗಸಿಲ್ಲ. ‘ಗವಯವೆಂಬ ಕಾಡುಪ್ರಾಣಿ ಹಸುವಿನಂತಿದೆ’ ಎಂಬ ಮಾತನ್ನು ಹಳೆಯ ಲಾಕ್ಷಣಿಕರು, ಅಂದರೆ ಕಾವ್ಯಶಾಸ್ತ್ರ ಬರೆದವರು, ಇದೇ ಕಾರಣಕ್ಕೆ ಅಲಂಕಾರದ ಪಂಕ್ತಿಯಿಂದ ಎಬ್ಬಿಸಿ ಕಳುಹಿಸಿದರು. ‘ಆತನ ಮಾತು ಕೊಪ್ಪರಿಗೆಯ ಪಾಕದಂತೆ ಅಂಟುತ್ತದೆ’ ಎನ್ನಿ, ಆಗ ಉಪಮೆ. ಹೋಲಿಸಿದ ಮಾತು ಉಪಮೇಯ, ಹೋಲಿಕೆಗೆ ತಂದ ಪಾಕ ಉಪಮಾನ, ‘ಅಂತೆ’ ಉಪಮಾವಾಚಕ, ಅಂಟುವುದು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಬಿಟ್ಟುಹೋದರೆ ಲುಪ್ತೋಪಮೆ.

‘ಅಂತೆ’ಯನ್ನು ಕಿತ್ತುಹಾಕಿ ಎರಡೂ ಒಂದೇ ಎಂದುಬಿಟ್ಟರೆ ರೂಪಕ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯದ ಚಕ್ರವರ್ತಿ’ ಎನ್ನುತ್ತಾರೆ; ಆ ಬಿರುದೇ ಒಂದು ರೂಪಕ! ಆದರೆ ರೂಪಕ ಬೇಕೆಂದರೆ ಗದುಗಿನವರೆಗೆ ಹೋಗಬೇಕಾಗಿಲ್ಲ, ನಮ್ಮ ಮಂಡ್ಯದ ಗದ್ದೆಗೆ ಇಳಿದರೆ ಸಾಕು. ಬಿತ್ತನೆಗೆ ಕಬ್ಬು ಕಡಿಯುವ ರೈತ ‘ಎರಡು ಕಣ್ಣಿನ ತುಂಡು’ ಎನ್ನುತ್ತಾನೆ. ಗಾಣದಿಂದ ಇಳಿಯುವ ರಸ ಆಲೆಮನೆಯಲ್ಲಿ ‘ಕಬ್ಬಿನ ಹಾಲು’. ಕಬ್ಬಿಗೆ ಕಣ್ಣೆಲ್ಲಿಯದು, ಕೆಚ್ಚಲೆಲ್ಲಿಯದು? ಹೆಸರಿಲ್ಲದ ಯಾವನೋ ಕವಿ ಬದುವಿನ ಮೇಲೆ ನಿಂತು ಆಡಿದ ಮಾತು ಬಳಸಿ ಬಳಸಿ ಸವೆದು, ಈಗ ಬರಿಯ ಹೆಸರಾಗಿ ಉಳಿದಿದೆ. ಗುರುತಿಸಲು ಕಷ್ಟವಾದವು ಇಂಥವೇ. ನನಗೆ ಹೆಚ್ಚು ಇಷ್ಟವಾದವೂ ಇವೇ.

ಉಪಮೆ ಹೋಲಿಸಿದರೆ ಉತ್ಪ್ರೇಕ್ಷೆ ಊಹಿಸುತ್ತದೆ. ‘ಸೂಲಂಗಿ ಬಿಟ್ಟ ಗದ್ದೆಯ ಮೇಲೆ ಬೆಳ್ಳಕ್ಕಿಗಳ ಹಿಂಡೇ ಬಂದಿಳಿದಿದೆಯೋ ಎಂಬಂತಿತ್ತು.’ ಸೂಲಂಗಿಯೆಂದರೆ ಕಬ್ಬಿನ ಬೆಳ್ಳನೆಯ ಹೂಗೊಂಚಲು. ಇಲ್ಲೂ ‘ಅಂತೆ’ ಇಣುಕುತ್ತದೆ, ಮೋಸಹೋಗಬೇಡಿ. ಅದರ ಹಿಂದಿರುವ ‘ಓ’ ನೋಡಿ. ಮಾತನ್ನು ಹಿಗ್ಗಿಸಿ ಹೇಳುವುದನ್ನು ನಾವು ದಿನಬಳಕೆಯಲ್ಲಿ ಉತ್ಪ್ರೇಕ್ಷೆ ಎನ್ನುತ್ತೇವಲ್ಲ, ಶಾಸ್ತ್ರದಲ್ಲಿ ಅದರ ಹೆಸರು ಅತಿಶಯೋಕ್ತಿ.

ಇನ್ನೊಂದಿದೆ, ಪಠ್ಯಪುಸ್ತಕದ ಅಲಂಕಾರದ ಪಟ್ಟಿಗೆ ಸೇರದ್ದು. ನೀರಿನ ಗಲಾಟೆ ಎದ್ದಾಗ ಪತ್ರಿಕೆಗಳು ‘ಮಂಡ್ಯ ಬೀದಿಗಿಳಿಯಿತು’ ಎಂದು ಬರೆಯುತ್ತವೆ. ಇಳಿದದ್ದು ಊರಲ್ಲ, ಜನ. ಇದಕ್ಕೆ ಲಕ್ಷಣೆ ಎನ್ನುತ್ತಾರೆ. ‘ಗಂಗೆಯಲ್ಲಿ ಗೊಲ್ಲರಹಟ್ಟಿ’ ಎಂಬುದು ಇದರ ಹಳೆಯ ಉದಾಹರಣೆ. ಹಟ್ಟಿ ಇರುವುದು ನೀರಿನಲ್ಲಲ್ಲ, ದಡದಲ್ಲಿ ಎಂದು ಕೇಳುವವರೇ ತಿಳಿದುಕೊಳ್ಳಬೇಕು.

ಈಗ ಹಲಗೆಯ ಮೇಲೆ ಬರೆದಿರುವುದನ್ನು ನೋಡಿ: ‘ಕನ್ನಂಬಾಡಿ 124.80 ಅಡಿ ತುಂಬಿತಂತೆ, ಮಂಡ್ಯದ ಮುಖ ಅರಳಿತು.’ ಇದರಲ್ಲಿ ಏನೇನಿದೆ? ಹಿಂದಿನ ಸಾಲಿನವರು ಮೊದಲು ಹೇಳಿ.