100 ವ್ಯಾಟ್ ಹಾಕಿ 5 ಮೈಕ್ರೋವ್ಯಾಟ್ ತೆಗೆಯುವ ಹುಚ್ಚು

(ಮೊದಲು 10 ಸೆಕೆಂಡ್ ರೆಕಾರ್ಡಿಂಗ್: ಚಟಪಟ ಸದ್ದು)

ಒಗ್ಗರಣೆಗೆ ಸಾಸಿವೆ ಹಾಕಿದ ಹಾಗಿದೆ, ಅಲ್ವಾ? ನಮ್ಮಮ್ಮನೂ ಅದನ್ನೇ ಹೇಳಿದರು. ಇದು ಹೋದ ವರ್ಷ ಮೇ ತಿಂಗಳ ಒಂದು ರಾತ್ರಿ ನಮ್ಮ ತೆಂಗಿನ ತೋಟದಲ್ಲಿ ಹಿಡಿದದ್ದು. ಪ್ರತಿ 'ಚಟ್' ಒಂದೊಂದು ಮಿಂಚು ಬಿಟ್ಟ ರೇಡಿಯೋ ಅಲೆ. ನಮ್ಮ ಊರಿನ ಮೇಲೆ ಆವತ್ತು ಮೋಡವೇ ಇರಲಿಲ್ಲ. ನಕ್ಷತ್ರ ಕಾಣುತ್ತಿತ್ತು. ಈ ಮಿಂಚುಗಳೆಲ್ಲ ಎಲ್ಲೋ ನೂರಾರು, ಸಾವಿರಾರು ಕಿಲೋಮೀಟರ್ ಆಚೆ ಹೊಡೆದವು.

ಇದನ್ನು ಹಿಡಿಯೋಕೆ ನನ್ನ ಹತ್ತಿರ ರೇಡಿಯೋನೇ ಇರಲಿಲ್ಲ. ಒಂದೂವರೆ ಮೀಟರ್ ತಂತಿ, ಒಂದು ಎಫ್‌ಇಟಿ, (ಅದೊಂದು ಬಗೆಯ ಟ್ರಾನ್ಸಿಸ್ಟರ್), 9 ವೋಲ್ಟ್ ಬ್ಯಾಟರಿ, ನೆಲಕ್ಕೆ ಹೊಡೆದ ಒಂದು ಕಬ್ಬಿಣದ ಗೂಟ, ಹಳೇ ಲ್ಯಾಪ್‌ಟಾಪ್. ಅಷ್ಟೇ. ಯಾಕಂದರೆ 3ರಿಂದ 30 ಕಿಲೋಹರ್ಟ್ಸ್ ಅನ್ನೋದು, ಅಂದರೆ ವಿಎಲ್‌ಎಫ್ ಅನ್ನೋದು, ತೀರಾ ಕಡಿಮೆ ಫ್ರೀಕ್ವೆನ್ಸಿಯ ರೇಡಿಯೋ ಅಲೆ, ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಎಟುಕುವ ಜಾಗ. 48 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್ ಇರುವ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಸಿಗ್ನಲ್ ಅಳೆಯುವ, ಯಾವ ಕಾರ್ಡ್ ಆದರೂ ಅದರ ಅರ್ಧ, 24 ಕಿಲೋಹರ್ಟ್ಸ್‌ವರೆಗೆ ನೇರವಾಗಿ ಕೇಳಿಸಿಕೊಳ್ಳುತ್ತದೆ. ಟ್ಯೂನರ್ ಬೇಡ, ಏನೂ ಬೇಡ.

ಕೇಳುವುದು ಇಷ್ಟು ಸಲೀಸು. ಕಳಿಸುವುದು? ಅಲ್ಲಿಂದಲೇ ಹುಚ್ಚು ಶುರು. ಜರ್ಮನಿ, ಇಂಗ್ಲೆಂಡ್, ಕೆನಡಾ, ಅಮೆರಿಕದಲ್ಲಿ ಹವ್ಯಾಸಕ್ಕೆ ರೇಡಿಯೋ ನಡೆಸುವ ಕೆಲವು ಹ್ಯಾಮ್‌ಗಳು ಸುಮಾರು 15 ವರ್ಷದಿಂದ ಇದೇ ಫ್ರೀಕ್ವೆನ್ಸಿಗಳಲ್ಲಿ ಸಿಗ್ನಲ್ ಬಿಡುವ ಪ್ರಯೋಗ ಮಾಡುತ್ತಿದ್ದಾರೆ. ನಮ್ಮ ಕಡೆಯ ಹಿರಿಯ ಹ್ಯಾಮ್ ಒಬ್ಬರಿಗೆ ಇದನ್ನ ವಿವರಿಸಿದೆ. ಪೂರ್ತಿ ಕೇಳಿ, ಕಾಫಿ ಲೋಟ ಕೆಳಗಿಟ್ಟು, "ಅಲ್ಲಪ್ಪಾ, ಒಂದು ಫೋನ್ ಮಾಡಿದ್ರೆ ಮುಗೀತಲ್ಲ?" ಅಂದರು.

ಅವರ ಪ್ರಶ್ನೆ ತಪ್ಪಲ್ಲ. ಲೆಕ್ಕ ಹಾಕಿದರೆ ಅವರದೇ ಸರಿ ಅನ್ನಿಸುತ್ತದೆ. ಬನ್ನಿ, ಹಾಕೇ ಬಿಡೋಣ.

ಹವ್ಯಾಸಿಗಳು ಜಾಸ್ತಿ ಬಳಸುವ ಒಂದು ತಾಣ 8.27 ಕಿಲೋಹರ್ಟ್ಸ್. ಅದರ ಒಂದು ಅಲೆಯ ಉದ್ದ 36 ಕಿಲೋಮೀಟರ್. ಮೆಜೆಸ್ಟಿಕ್‌ನಲ್ಲಿ ಅಲೆ ಶುರುವಾದರೆ ಹೆಚ್ಚುಕಡಿಮೆ ದೇವನಹಳ್ಳಿಯಲ್ಲಿ ಮುಗಿಯುತ್ತದೆ. ಒಳ್ಳೇ ಆಂಟೆನಾ ಅಂದರೆ ಅಲೆಯ ಕಾಲು ಭಾಗ ಇರಬೇಕು ಅಂತಾರೆ. ಇಲ್ಲಿ ಕಾಲು ಭಾಗ ಅಂದರೆ 9 ಕಿಲೋಮೀಟರ್ ಎತ್ತರ. ಎವರೆಸ್ಟ್ 8,849 ಮೀಟರ್. ಅದರ ತುದಿಯಲ್ಲಿ ನಿಂತು ಕೋಲು ಹಿಡಿದರೂ ಸಾಲದು.

ನಮ್ಮ ಮನೆ ಮೇಲೆ 10 ಮೀಟರ್ ಕಂಬ ನಿಲ್ಲಿಸಿ, ತುದಿಗೆ ಒಂದಿಷ್ಟು ಅಡ್ಡ ತಂತಿ ಕಟ್ಟಿದೆ ಅಂತಿಟ್ಟುಕೊಳ್ಳಿ. ಅದರ ಕೆಪಾಸಿಟೆನ್ಸ್ (ಚಾರ್ಜ್ ಹಿಡಿಯುವ ಶಕ್ತಿ) ಸುಮಾರು 100 ಪಿಕೋಫ್ಯಾರಡ್. ಇದನ್ನು ಟ್ಯೂನ್ ಮಾಡೋಕೆ ಬೇಕಾದ ಕಾಯಿಲ್ 3.7 ಹೆನ್ರಿ (ಹೆನ್ರಿ ಅಂದರೆ ಕಾಯಿಲ್ ಅಳೆಯುವ ಮಾನ). ಮೈಕ್ರೋ ಅಲ್ಲ, ಮಿಲಿ ಅಲ್ಲ, ಪೂರ್ತಿ ಹೆನ್ರಿ! ಬಕೆಟ್ಟಿಗೆ ತಂತಿ ಸುತ್ತುತ್ತಾ ಕೂತರೆ ಕೈ ಸೋಲುತ್ತದೆ. ಚೆನ್ನಾಗಿ ಸುತ್ತಿದರೂ ಕಾಯಿಲ್ ಮತ್ತು ನೆಲ ಸೇರಿ 700 ಓಮ್ ಹತ್ತಿರ ನಷ್ಟ. ಪವರ್ ಹಂಚಿಹೋಗುವುದು ಈ ಓಮ್ ಲೆಕ್ಕದಲ್ಲೇ. ಆಕಾಶಕ್ಕೆ ಹೋಗುವ ಪಾಲಿನ ಓಮ್ ಎಷ್ಟು? ಸುಮಾರು 35 ಮೈಕ್ರೋಓಮ್. 100 ವ್ಯಾಟ್ ಆಂಪ್ಲಿಫೈಯರ್ ಹಚ್ಚಿದರೆ ಹೊರಗೆ ಹೋಗುವುದು ಸುಮಾರು 5 ಮೈಕ್ರೋವ್ಯಾಟ್. ಎರಡು ಕೋಟಿಯಲ್ಲಿ ಒಂದು ಪಾಲು. ಮಿಕ್ಕಿದ್ದೆಲ್ಲ ಕಾಯಿಲ್ ಬಿಸಿ ಮಾಡೋಕೆ, ನಮ್ಮ ಹಿತ್ತಲಿನ ಎರೆಹುಳಗಳಿಗೆ ಶಾಖ ಕೊಡೋಕೆ.

ಇದರ ಮೇಲೆ ಇನ್ನೊಂದು ಫಜೀತಿ. ಈ ಲೆಕ್ಕದಲ್ಲಿ ಆಂಟೆನಾ ಬುಡದಲ್ಲಿ 70 ಸಾವಿರ ವೋಲ್ಟ್ ಏಳುತ್ತದೆ. ಊರಿನ ಟಿಸಿಗೆ ಬರುವ ಲೈನೇ 11 ಸಾವಿರ ವೋಲ್ಟ್. ಅಂದರೆ 100 ವ್ಯಾಟ್ ಹಾಕುವ ಮೊದಲೇ ತಂತಿ ತುದಿಯಲ್ಲಿ ನೀಲಿ ಬೆಳಕು ಚರಚರ ಅನ್ನುತ್ತಾ ಸೋರೋಕೆ ಶುರು.

ಹಾಗಾಗಿ ಕೆಲವರು ಗಾಳಿಪಟದ ದಾರಿ ಹಿಡಿದರು. 2010ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕಡೆಯ ಹ್ಯಾಮ್ ಒಬ್ಬರು ಪಟಕ್ಕೆ ಉದ್ದನೆ ತಂತಿ ಕಟ್ಟಿ ಹಾರಿಸಿ, 9 ಕಿಲೋಹರ್ಟ್ಸ್‌ಗಿಂತ ಕೆಳಗೆ ಸಿಗ್ನಲ್ ಬಿಟ್ಟರು. 10 ಮೀಟರ್ ತಂತಿಯನ್ನು 100 ಮೀಟರ್ ಮಾಡಿದರೆ ಆಕಾಶಕ್ಕೆ ಹೋಗುವ ಪಾಲು ಹತ್ತಲ್ಲ, ನೂರು ಪಟ್ಟು ಏರುತ್ತದೆ. ನೋಡಿದ ಕೂಡಲೇ ಆಸೆ ಆಗುತ್ತೆ. ನಮ್ಮಲ್ಲೂ ಆಷಾಢದ ಗಾಳಿ ಇದೆಯಲ್ಲ! ದಯವಿಟ್ಟು ಬೇಡ. ಶುಭ್ರ ಆಕಾಶದಲ್ಲೂ ಅಷ್ಟುದ್ದದ ತಂತಿಗೆ ಕೈ ಝುಂ ಅನ್ನುವಷ್ಟು ಚಾರ್ಜ್ ತುಂಬುತ್ತದೆ. ಪಟ ಗೋತಾ ಹೊಡೆದು ಕರೆಂಟ್ ಲೈನ್ ಮೇಲೆ ಬಿದ್ದರೆ ಕೇಳುವುದೇ ಬೇಡ.

ಈಗ ನನ್ನ ಮಾತಿಗೆ ಬರುತ್ತೇನೆ. ಈ ಪ್ರಯೋಗಗಳ ಬಗ್ಗೆ ಯಾರು ಮಾತಾಡಿದರೂ ಆ ಗಾಳಿಪಟ, ಆ ದೈತ್ಯ ಕಾಯಿಲ್, ಆ ನೀಲಿ ಕಿಡಿ, ಇವನ್ನೇ ತೋರಿಸುತ್ತಾರೆ. ಹೆಸರು ಕಳಿಸಿದವನಿಗೆ. ನನಗೆ ಇದು ಸರಿ ಕಾಣುವುದಿಲ್ಲ. ಕೆಲಸದಲ್ಲಿ ಮುಕ್ಕಾಲು ಪಾಲು ಮಾಡಿದವನು ಆಚೆ ದಡದಲ್ಲಿ ಸುಮ್ನೆ ಕೂತು ಕೇಳಿಸಿಕೊಂಡವನು.

ಹೇಗೆ ಅಂತೀರಾ? 5 ಮೈಕ್ರೋವ್ಯಾಟ್ ಅನ್ನುವುದನ್ನು ನೀವು ಇನ್ನೆಷ್ಟು ಹೆಚ್ಚಿಸಬಹುದು? ಹತ್ತು ಪಟ್ಟು, ನೂರು ಪಟ್ಟು. ಆಮೇಲೆ ಕಿಡಿ, ಬೆಂಕಿ, ಪಕ್ಕದ ಮನೆಯವರ ಜಗಳ. ಕೇಳುವ ಕಡೆ ಹಾಗಲ್ಲ. ಮಾಮೂಲಿ ಹ್ಯಾಮ್ ಮಾತುಕತೆ 2,400 ಹರ್ಟ್ಸ್ ಅಗಲದ ಕಿಂಡಿಯಲ್ಲಿ ನಡೆಯುತ್ತದೆ. ಕಿಂಡಿ ಎಷ್ಟು ಅಗಲವೋ ಅಷ್ಟು ಗದ್ದಲ ಒಳಗೆ. ಅದನ್ನೇ ಒಂದು ಹರ್ಟ್ಸ್‌ನ ಸಾವಿರದ ಒಂದು ಭಾಗಕ್ಕೆ ಇಳಿಸಿದರೆ? ಗದ್ದಲ 24 ಲಕ್ಷ ಪಟ್ಟು ಕಡಿಮೆ. ಯಾವ ಆಂಪ್ಲಿಫೈಯರೂ ಕೊಡದಷ್ಟು ಲಾಭ. ಬೆಲೆ ಏನು ಅಂದರೆ ಸಮಯ. ಅಷ್ಟು ಸಣ್ಣ ಕಿಂಡಿಯಲ್ಲಿ ಕಂಪ್ಯೂಟರ್ ಸ್ಕ್ರೀನ್ ಮೇಲೆ ಸಿಗ್ನಲ್ಲಿನ ಒಂದು ಚುಕ್ಕಿ ಕಾಣೋಕೆ 1,000 ಸೆಕೆಂಡ್, ಸುಮಾರು 17 ನಿಮಿಷ ಕಾಯಬೇಕು. ಆ 17 ನಿಮಿಷ ಎರಡೂ ಕಡೆಯ ಗಡಿಯಾರ ಒಂದಿಷ್ಟೂ ಅಲುಗಬಾರದು. ಅದಕ್ಕೇ ಇವರು ಜಿಪಿಎಸ್ ಸಿಗ್ನಲ್ಲಿಗೆ ಗಡಿಯಾರ ಕಟ್ಟಿ ಹಾಕುತ್ತಾರೆ. ಸೌಂಡ್ ಕಾರ್ಡಿನ ಒಂದು ಚಾನೆಲ್ಲಿಗೆ ಆಂಟೆನಾ, ಇನ್ನೊಂದಕ್ಕೆ ಜಿಪಿಎಸ್‌ನ ಸೆಕೆಂಡಿಗೊಂದು ಟಿಕ್. ನೋಡಿ, ಇದು ಕೇಳುವವನ ಚಾತುರ್ಯ.

ನಷ್ಟದಲ್ಲಿ ಒಂದು ಸಮಾಧಾನವೂ ಇದೆ. ಆಂಟೆನಾದಿಂದ ಹೊರಬೀಳುವುದೇ ಕಷ್ಟ. ಬಿದ್ದ ಮೇಲೆ ಈ ಅಲೆ ಬೇಗ ಸುಸ್ತಾಗುವುದಿಲ್ಲ. ಕೆಳಗೆ ಭೂಮಿ, ಮೇಲೆ ಅಯಾನುಗೋಳ (ವಾತಾವರಣದ ಎತ್ತರದಲ್ಲಿರುವ ವಿದ್ಯುತ್ ಕಣಗಳ ಪದರ), ನಡುವೆ ಒಂದು ಸುರಂಗ. ಅದರೊಳಗೆ ಜಾರುತ್ತಾ ಹೋಗುತ್ತದೆ. ಮೈಕ್ರೋವ್ಯಾಟ್ ಲೆಕ್ಕದ ಸಿಗ್ನಲ್ ಅಟ್ಲಾಂಟಿಕ್ ದಾಟಿದ್ದು ಹೀಗೆ.

ಇಲ್ಲಿ ಒಂದು ತಕರಾರು ಎತ್ತಲೇಬೇಕು, ನಮ್ಮ ಪಂಗಡದವರ ಮೇಲೇ. ಬಹಳ ದಿನ 'ನನ್ನ ಸಿಗ್ನಲ್ ಅಷ್ಟು ದೂರ ಮುಟ್ಟಿತು' ಅಂದರೆ ಏನರ್ಥ ಇತ್ತು? ಇಂಥ ಹೊತ್ತಿಗೆ, ಇಂಥ ಫ್ರೀಕ್ವೆನ್ಸಿಯಲ್ಲಿ ಬಿಡುತ್ತೇನೆ ಅಂತ ಮೊದಲೇ ಇಮೇಲ್ ಮಾಡುವುದು. ಆ ಕಡೆಯವರು ಅದೇ ಜಾಗದಲ್ಲಿ ಕಣ್ಣಿಟ್ಟು ಕೂರುವುದು. ರಾತ್ರಿ ಕಳೆದು ಒಂದು ಗೆರೆ ಕಂಡರೆ 'ಮುಟ್ಟಿತು' ಅನ್ನುವುದು. ಗೆರೆ ಕಂಡಿದ್ದು ನಿಜ, ಅದು ಸಣ್ಣ ಸಾಧನೆಯೂ ಅಲ್ಲ. ಆದರೆ ಅದು ಮಾತುಕತೆ ಅಲ್ಲ. ಬಾಗಿಲು ಬಡಿದ ಸದ್ದು ಕೇಳಿಸಿದ ಮಾತ್ರಕ್ಕೆ ಬಂದವರು ಏನು ಹೇಳಿದರು ಅಂತ ಗೊತ್ತಾಗುತ್ತಾ?

ಎಬ್‌ನಾಟ್ ಅನ್ನುವ ವಿಧಾನ ಬಂದ ಮೇಲೆ ನನ್ನ ಬಾಯಿ ಮುಚ್ಚಿತು. ಅದರಲ್ಲಿ ಅಲೆಯ ಫೇಸ್ ಅನ್ನು (ಏರಿಳಿತ ಯಾವ ಕ್ಷಣಕ್ಕೆ ಶುರು ಅನ್ನುವುದನ್ನು) ಲೆಕ್ಕ ಹಾಕಿ ತಿರುಗಿಸುತ್ತಾ ಅಕ್ಷರ ಕಳಿಸುತ್ತಾರೆ. ತಪ್ಪು ತಿದ್ದಿಕೊಳ್ಳುವ ಕೋಡ್ ಎಷ್ಟು ಬಲವಾಗಿದೆ ಅಂದರೆ, ಗದ್ದಲದಲ್ಲಿ ಕಣ್ಣಿಗೆ ಕಾಣದ ಸಿಗ್ನಲ್‌ನಿಂದಲೂ ಅಕ್ಷರ ಹೆಕ್ಕುತ್ತದೆ. ಏನು ಬರೆದಿದ್ದಾರೆ ಅಂತ ಆ ಕಡೆಯವರಿಗೆ ಮೊದಲೇ ಗೊತ್ತಿರಬೇಕಿಲ್ಲ. ನಾಲ್ಕೈದು ಅಕ್ಷರಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಪರವಾಗಿಲ್ಲ. ಅದು ಸಂದೇಶ.

ಇದೇ ಕೆಲಸಕ್ಕೆ ಸರ್ಕಾರಗಳು ಏನು ಮಾಡುತ್ತವೆ ನೋಡಿ. ತಮಿಳುನಾಡಿನ ತಿರುನೆಲ್ವೇಲಿ ಹತ್ತಿರ ನಮ್ಮ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಇದೆ. 18.2 ಕಿಲೋಹರ್ಟ್ಸ್. ಈ ಅಲೆ ಸಮುದ್ರದ ನೀರೊಳಗೆ ಒಂದಿಷ್ಟು ಮೀಟರ್ ಇಳಿಯುತ್ತದೆ, ಜಲಾಂತರ್ಗಾಮಿಗಳಿಗೆ ಸುದ್ದಿ ಮುಟ್ಟಿಸೋಕೆ ಇದೇ ದಾರಿ. ಅಲ್ಲಿನ ಎತ್ತರದ ಕಂಬಗಳು 471 ಮೀಟರ್. ಅಷ್ಟಿದ್ದೂ ಅಲೆಯ ಎದುರು ಅವು ಕುಳ್ಳ. ಆಸ್ಟ್ರೇಲಿಯಾದ ನಾರ್ತ್ ವೆಸ್ಟ್ ಕೇಪ್‌ನಲ್ಲಿ 19.8 ಕಿಲೋಹರ್ಟ್ಸ್, 10 ಲಕ್ಷ ವ್ಯಾಟ್. ನನ್ನ ಒಂದೂವರೆ ಮೀಟರ್ ತಂತಿಯಲ್ಲಿ ಇವೆರಡೂ ಸ್ಕ್ರೀನ್ ಮೇಲೆ ಎರಡು ದಪ್ಪ ಗೆರೆಯಾಗಿ ದಿನವಿಡೀ ನಿಂತಿರುತ್ತವೆ. ಒಳಗಿನ ಮಾತು ಗುಟ್ಟು, ಅದು ನಮಗೆ ಬೇಡ. ಆದರೆ ಗೆರೆಯ ದಪ್ಪ ಸೂರ್ಯ ಹುಟ್ಟುವಾಗ ಒಂದು ಥರ, ಮುಳುಗುವಾಗ ಇನ್ನೊಂದು ಥರ. ಸೂರ್ಯನ ಮೇಲೆ ದೊಡ್ಡ ಜ್ವಾಲೆ ಎದ್ದರೆ, ಹಗಲು ಹೊತ್ತಲ್ಲಿ ಗೆರೆ ತಟಕ್ಕನೆ ಏರುತ್ತೆ ಇಲ್ಲಾ ಇಳಿಯುತ್ತೆ. ಸೂರ್ಯನನ್ನು ತಂತಿಯಿಂದ ನೋಡಿದ ಹಾಗೆ.

ಹಳೆಯದರ ಮೇಲೆ ಆಸೆ ಇರುವವರಿಗೆ ಸ್ವೀಡನ್ನಿನ ಗ್ರಿಮೆಟೋನ್ ಇದೆ. 1920ರ ದಶಕದ ಸ್ಟೇಷನ್, 17.2 ಕಿಲೋಹರ್ಟ್ಸ್. ಅಲ್ಲಿ ಟ್ರಾನ್ಸಿಸ್ಟರ್ ಇಲ್ಲ, ವಾಲ್ವ್ ಕೂಡ ಇಲ್ಲ. ಗಿರಗಿರ ತಿರುಗುವ ದೊಡ್ಡ ಯಂತ್ರವೇ ರೇಡಿಯೋ ಅಲೆ ಹುಟ್ಟಿಸುತ್ತದೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಸಾಮಾನ್ಯವಾಗಿ ಜುಲೈ ಮೊದಲ ವಾರದ ಭಾನುವಾರ ಒಮ್ಮೆ, ಡಿಸೆಂಬರ್ 24ಕ್ಕೆ ಒಮ್ಮೆ ಚಾಲೂ ಮಾಡುತ್ತಾರೆ. ನಾನು ಎರಡು ಸಲ ಕಾದೆ. ಎರಡು ಸಲವೂ ಸಿಗಲಿಲ್ಲ. ಮೂರನೇ ಸಲ ಕಾಯುತ್ತೇನೆ.

ನನ್ನ ಸೋಲಿನ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಶುರುವಿನಲ್ಲಿ ಸ್ಕ್ರೀನ್ ಮೇಲೆ ಒಂದು ಗೆರೆ ಸಿಕ್ಕಿತು. ಸಣ್ಣ, ನೆಟ್ಟಗೆ, ಸುಂದರ. ಮೂರು ದಿನ ಕುಣಿದೆ. ನಾಲ್ಕನೇ ದಿನ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತೆ, ಗೆರೆಯೂ ಹೋಯಿತು. ವಿಎಲ್‌ಎಫ್‌ನಲ್ಲಿ ಮೊದಲು ಕೇಳಿಸುವುದು ನಮ್ಮದೇ ಮನೆ. ಎಲ್‌ಇಡಿ ಬಲ್ಬು, ಯುಪಿಎಸ್, ಫೋನ್ ಚಾರ್ಜರ್, 50 ಹರ್ಟ್ಸ್‌ನ ಗುಂಯ್ ಮತ್ತು ಅದರ ಮರಿಗಳು. ಅದಕ್ಕೇ ನಾನು ತೋಟಕ್ಕೆ ಹೋಗುವುದು. ಅಲ್ಲೂ ಪೂರ್ತಿ ನೆಮ್ಮದಿ ಇಲ್ಲ. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಮೋಟರ್‌ಗಳೆಲ್ಲ ಒಟ್ಟಿಗೆ ಏಳುತ್ತವೆ, ಸ್ಕ್ರೀನ್ ಪೂರ್ತಿ ಬೆಳ್ಳಗೆ. ಎಲ್ಲರೂ ಕರೆಂಟ್ ಯಾವಾಗ ಬರುತ್ತೋ ಅಂತ ಕಾಯುವಾಗ, ಯಾವಾಗ ಹೋಗುತ್ತೋ ಅಂತ ಕಾಯುವವನು ನಾನೊಬ್ಬನೇ. ಇದನ್ನು ಊರಲ್ಲಿ ಜೋರಾಗಿ ಹೇಳುವ ಹಾಗಿಲ್ಲ.

ಇನ್ನು ನಮ್ಮಲ್ಲಿ ಕಳಿಸಬಹುದಾ? ಇಲ್ಲ. ಹ್ಯಾಮ್ ಲೈಸೆನ್ಸ್ ಇದ್ದವರೂ ಪಟ್ಟಿಯಲ್ಲಿರುವ ಬ್ಯಾಂಡ್‌ಗಳಲ್ಲೇ ಇರಬೇಕು, ಈ ಜಾಗ ಪಟ್ಟಿಯಲ್ಲಿಲ್ಲ. ಯಾವ ಫ್ರೀಕ್ವೆನ್ಸಿ ಯಾರಿಗೆ ಅನ್ನುವ ಅಂತರರಾಷ್ಟ್ರೀಯ ಹಂಚಿಕೆ ಮೊದಲು 9 ಕಿಲೋಹರ್ಟ್ಸ್‌ನಿಂದ ಶುರುವಾಗುತ್ತಿತ್ತು. 2012ರ ವಿಶ್ವ ರೇಡಿಯೋ ಸಮ್ಮೇಳನದಲ್ಲಿ ಅದನ್ನು 8.3ಕ್ಕೆ ಇಳಿಸಿದರು, ಮಿಂಚು ಪತ್ತೆ ಮಾಡುವ ಹವಾಮಾನ ಜಾಲಗಳಿಗೆ ಸದ್ದಿಲ್ಲದ ಜಾಗ ಬೇಕು ಅಂತ. ಹಾಗಾಗಿ 8.27 ಆ ಗೆರೆಯ ಸ್ವಲ್ಪ ಕೆಳಗೆ ಕೂತಿದೆ, ಬೇಲಿ ಪಕ್ಕ ಮೇಯುವ ಆಡಿನ ಥರ. ಬೇಲಿ ಆಚೆ ಇದೆ ಅಂದ ಮಾತ್ರಕ್ಕೆ ಎಲ್ಲ ದೇಶದಲ್ಲೂ ಬಿಟ್ಟಿ ಅಲ್ಲ. ಬ್ರಿಟನ್‌ನಲ್ಲಿ ವಿಶೇಷ ಪರವಾನಗಿ ಪಡೆದು ಮಾಡಿದ್ದಾರೆ. ನಮ್ಮಲ್ಲೂ ಹತ್ತು ಜನ ಹ್ಯಾಮ್‌ಗಳಿಗೆ, ಒಂದೆರಡು ಇಂಜಿನಿಯರಿಂಗ್ ಕಾಲೇಜಿಗೆ, ಮಿಲಿವ್ಯಾಟ್ ಮಿತಿ ಹಾಕಿ ಕೊಟ್ಟರೆ ಯಾರಿಗೂ ತೊಂದರೆ ಆಗದು ಅನ್ನುವುದು ನನ್ನ ವಾದ. ನನ್ನ ಹಿತ್ತಲಿನ 5 ಮೈಕ್ರೋವ್ಯಾಟ್ ನೌಕಾಪಡೆಯ ನಿದ್ದೆ ಕೆಡಿಸುವುದಿಲ್ಲ.

ಪರವಾನಗಿ ಸಿಗಲಿ ಅಂತ ಕಾಯುತ್ತಾ ಕೈ ಕಟ್ಟಿ ಕೂರಬೇಕಿಲ್ಲ. ರೆಕಾರ್ಡಿಂಗ್ ಮತ್ತೆ ಹಾಕುತ್ತೇನೆ, ಈ ಸಲ ಕಿವಿ ಕೊಟ್ಟು ಕೇಳಿ.

(ರೆಕಾರ್ಡಿಂಗ್: ಚಟಪಟದ ನಡುವೆ 'ಟ್ಯೂಂವ್')

ಆ 'ಟ್ಯೂಂವ್' ಕೇಳಿಸಿತಾ? ಬಿಗಿಯಾಗಿ ಎಳೆದ ಬೇಲಿ ತಂತಿಗೆ ಕಲ್ಲು ಹೊಡೆದ ಹಾಗೆ. ಅದರ ಹೆಸರು ಟ್ವೀಕ್. ಸಾಮಾನ್ಯವಾಗಿ ರಾತ್ರಿ ಹೊತ್ತು ಬರುತ್ತದೆ. ಸ್ಕ್ರೀನ್ ಮೇಲೆ (ಮೇಲಕ್ಕೆ ಹೆಚ್ಚಿನ ಫ್ರೀಕ್ವೆನ್ಸಿ, ಕೆಳಕ್ಕೆ ಕಡಿಮೆ) ಮಿಂಚಿನ ಗೆರೆ ಮೇಲಿಂದ ನೇರ ಇಳಿದು, ಬುಡದಲ್ಲಿ ಕುಡುಗೋಲಿನ ಥರ ಬಾಗುತ್ತದೆ. ಆಗ ಹೇಳಿದೆನಲ್ಲ ಸುರಂಗ, ಅದರ ಎತ್ತರಕ್ಕೆ ಹಿಡಿಸದಷ್ಟು ಉದ್ದದ ಅಲೆಗಳು ಆ ಬಾಗಿನಲ್ಲೇ ನಿಂತುಹೋಗುತ್ತವೆ. ಬಾಗು ಎಲ್ಲಿ ನಿಂತಿತು ಅಂತ ನೋಡಿ. ನನ್ನ ಫೈಲಿನಲ್ಲಿ ಒಂದು ಟ್ವೀಕ್ 1,700 ಹರ್ಟ್ಸ್ ಹತ್ತಿರ ನಿಂತಿದೆ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಅದನ್ನು 1,700ರ ಎರಡರಷ್ಟರಿಂದ, ಅಂದರೆ 3,400ರಿಂದ ಭಾಗಿಸಿ. 88 ಕಿಲೋಮೀಟರ್. ಆ ರಾತ್ರಿ ಅಯಾನುಗೋಳದ ತಳ ಅಷ್ಟು ಎತ್ತರದಲ್ಲಿತ್ತು. ಅಳತೆ ಟೇಪು ಒಂದೂವರೆ ಮೀಟರ್ ತಂತಿ.

ಕಾಫಿ ಲೋಟ ಕೆಳಗಿಟ್ಟ ಆ ಹಿರಿಯರಿಗೂ ಇದೇ ಫೈಲ್ ಕಳಿಸಿದ್ದೆ. ಫೋನ್ ಬಂದಿದ್ದು ರಾತ್ರಿ ಹನ್ನೊಂದೂವರೆಗೆ. "ನಿನ್ನ ಲೆಕ್ಕ ತಪ್ಪು ಕಣಯ್ಯಾ," ಅಂದರು, "ಎರಡನೇ ಟ್ವೀಕ್ ನೋಡಿದ್ಯಾ? ಅದು 1,760ರಲ್ಲಿ ನಿಲ್ತಿದೆ. ನನಗೆ 85 ಬರ್ತಿದೆ." ಫೈಲ್ ನಿಮಗೂ ಕೊಟ್ಟಿದ್ದೇನೆ. 40ನೇ ಸೆಕೆಂಡಿನ ಆಸುಪಾಸಿನಲ್ಲಿ ಮೂರನೆಯದೊಂದಿದೆ. ನಿಮಗೆಷ್ಟು ಬಂತು ಅಂತ ಬರೆಯಿರಿ.